ಐದನೆಯ ಗುಂಡು

ಹ್ಯಾಸ್ಕೆಟ್, ಟೆಕ್ಸಸ್
೧೪ ಸೆಪ್ಟೆಂಬರ್ ೨೦೦೩

ಓರಿನ್,

ಕ್ರಿಸ್‌ಮಸ್ ಕಾರ್ಡಿನಾಚೆಗೆ ಒಂದು ಸಾಲು ಬರೆಯದ ಅಕ್ಕ ಸೆಪ್ಟೆಂಬರಿನಲ್ಲಿ ಕಾಗದ ಹಾಕಿದ್ದಾಳೆಂದರೆ ಯಾರೋ ಸತ್ತಿರಬೇಕು ಎಂದುಕೊಳ್ಳಬೇಡ. ಯಾರೂ ಸತ್ತಿಲ್ಲ. ನನಗೆ ಗುಂಡಿನ ವಿಷಯದಲ್ಲಿ ಒಂದಿಷ್ಟು ಬುದ್ಧಿ ಬೇಕಾಗಿದೆ. ಜೈಲಿನ ಕಾವಲುಗಾರರ ಬಂದೂಕು ರಿಪೇರಿ ಮಾಡುತ್ತ ಜೀವಮಾನ ಕಳೆದ ತಮ್ಮನಿರುವಾಗ ಬುದ್ಧಿಗೆ ದುಡ್ಡು ಕೊಡುವುದು ನನ್ನ ಜಾಯಮಾನವಲ್ಲ. ಫೋನು ಮಾಡೋಣವೆಂದರೆ ಆ ಬಂದೂಕುಗಳೇ ನಿನ್ನ ಕಿವಿ ತಿಂದು ಕೂತಿವೆ. ಹಾಗಾಗಿ ಅಂಚೆ.

ನಡೆದದ್ದು ಇಷ್ಟು. ಆಗಸ್ಟ್ ಕೊನೆಯಲ್ಲಿ ಹೆದ್ದಾರಿ ಪಕ್ಕದ ಲಾಂಡ್ರಿಯಲ್ಲಿ ಯಂತ್ರಗಳ ನಾಣ್ಯದ ಪೆಟ್ಟಿಗೆ ಖಾಲಿ ಮಾಡಿ, ಚೀಲ ಹೊತ್ತು ಕಾರಿನ ಕಡೆ ಬರುತ್ತಿದ್ದೆ. ಟೋಪಿ ಮುಖದ ಮೇಲೆಳೆದುಕೊಂಡ ಒಬ್ಬ ಹಿಂದಿನಿಂದ ಬಂದು ಚೀಲ ಕಿತ್ತುಕೊಂಡ. ಪಾಪ, ಅವನು ಕಾಗದದ ನೋಟು ಅಂದುಕೊಂಡಿರಬೇಕು. ಕಾಲು ಡಾಲರಿನ ನಾಣ್ಯ ತುಂಬಿದ ಚೀಲವನ್ನು ಎತ್ತಿಕೊಂಡು ಓಡುವುದೆಂದರೆ ಮಲಗಿದ ಕರುವನ್ನು ಎತ್ತಿಕೊಂಡು ಓಡಿದ ಹಾಗೆ. ಬಾತುಕೋಳಿಯಂತೆ ಹೆಜ್ಜೆ ಹಾಕಿದ. ಟೈರ್ ಅಂಗಡಿಯ ಎದುರು ಚೀಲ ಹರಿಯಿತು, ಅವನು ಅದನ್ನು ಬಿಟ್ಟು ಓಡಿದ. ನನ್ನ ಗಿರಾಕಿಗಳು ಒದ್ದೆ ಬಟ್ಟೆ ಬಿಟ್ಟು ಬಂದು, ನೆಲಕ್ಕೆ ಕೂತು ನಾಣ್ಯ ಆರಿಸಿಕೊಟ್ಟರು. ಹೆಚ್ಚುಕಡಿಮೆ ಎಲ್ಲವೂ ವಾಪಸು ಬಂತು, ಜೊತೆಗೆ ಯಾರದೋ ಒಂದು ಕಿವಿಯೋಲೆ ಕೂಡ. ಅದನ್ನು ಕಿಟಕಿಗೆ ನೇತುಹಾಕಿದ್ದೇನೆ, ಯಾರೂ ಕೇಳಿಲ್ಲ.

ಆದರೆ ಟ್ವಾಯ್ಲಾಗೆ ಅದು ಸಾಕಾಯಿತು. ನನ್ನ ಮೂರೂ ಲಾಂಡ್ರಿಗಳನ್ನು ಕೊಳ್ಳಲು ಡಲ್ಲಾಸಿನ ಒಂದು ಕಂಪನಿ ವರ್ಷದಿಂದ ಬಾಗಿಲು ತಟ್ಟುತ್ತಿದೆ. ಭಾನುವಾರದ ಊಟಕ್ಕೆ ಪಾದ್ರಿಯನ್ನು ಕರೆದಿದ್ದೆವು. ಅವರ ಎದುರೇ ಮಗಳು ಶುರುಮಾಡಿದಳು.

"ಅಮ್ಮಾ, ಅರವತ್ತಾರಾಯ್ತು ನಿಂಗೆ. ಮಾರಿಬಿಡು. ಇನ್ನೊಂದಿನ ಆಸ್ಪತ್ರೆಯಿಂದ ನಂಗೆ ಫೋನ್ ಬರೋದು ಬೇಡ."

"ಮಾರಿ ಏನ್ ಮಾಡ್ಲಿ? ನಿನ್ನ ಮನೆ ಪರದೆ ಒಗೀಲಾ?"

"ಆಯ್ತು, ಮಾರ್ಬೇಡ. ನಿನ್ನ ನೀನು ಕಾಪಾಡ್ಕೊಳ್ಳೋದು ಹೇಗೆ ಅಂತ ಹೇಳು, ಬಾಯಿ ಮುಚ್ಕೋತೀನಿ."

ನನ್ನ ಬಾಯಿ ನಿನಗೆ ಗೊತ್ತಲ್ಲ. "ಬಂದೂಕಿನ ಪರವಾನಗಿ ತಗೋತೀನಿ. ನವೆಂಬರ್ ಕೊನೇಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರೋದ್ರೊಳಗೆ ಪರೀಕ್ಷೆ ಪಾಸಾಗ್ದಿದ್ರೆ ಮೂರನ್ನೂ ಮಾರ್ತೀನಿ," ಎಂದುಬಿಟ್ಟೆ. ಪಾದ್ರಿ ಜೋಳದ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ನೋಡಿದರು. ಸಾಕ್ಷಿ ಅಂದರೆ ಹಾಗಿರಬೇಕು.

ಮರುದಿನವೇ ಡಬ್ ಹಾರ್ಗಿಸನ ಅಂಗಡಿಗೆ ಹೋದೆ. ಊರಿನಲ್ಲಿ ಬಂದೂಕು ಮಾರುವವನೂ ಅವನೇ, ಹಿಂದಿನ ಕೋಣೆಯಲ್ಲಿ ಕೂತು ತೋಟಾಗಳಿಗೆ ಮದ್ದು ತುಂಬಿ ಮಾರುವವನೂ ಅವನೇ, ಪರವಾನಗಿಯ ಪರೀಕ್ಷೆ ಮಾಡುವವನೂ ಅವನೇ. ಮೊಂಡು ಮೂಗಿನ ಪುಟ್ಟ ರಿವಾಲ್ವರ್ ಕೊಟ್ಟ, ಐದು ಗುಂಡಿನದು. ನನ್ನ ಕಾಫಿ ಲೋಟಕ್ಕಿಂತ ಹಗುರ. "ಮಿಸ್ ವೆಲ್ಡಾ, ಪರ್ಸಲ್ಲಿದ್ರೆ ಇದೆ ಅಂತಾನೇ ಗೊತ್ತಾಗಲ್ಲ," ಅಂದ. ಅಲ್ಲಿಯವರೆಗೆ ಸರಿ. ಆಮೇಲೆ ಗುಂಡಿನ ಕಪಾಟಿನ ಎದುರು ನಿಲ್ಲಿಸಿದ. ಒಂದು ಪೆಟ್ಟಿಗೆಯ ಮೇಲೆ ಸಿಡಿಲು, ಇನ್ನೊಂದರ ಮೇಲೆ ಹಲ್ಲು ಕಿಸಿದ ತೋಳ, ಮತ್ತೊಂದರ ಮೇಲೆ ಬೆಂಕಿ ಉಗುಳುವ ತಲೆಬುರುಡೆ. ಓರಿನ್, ಸೋಪಿನ ಪುಡಿ ಕಂಪನಿಯವರೂ ಪೊಟ್ಟಣದ ಮೇಲೆ ಇಷ್ಟು ಸುಳ್ಳು ಹೇಳುವುದಿಲ್ಲ. ಭಾರದ ಗುಂಡೋ, ಹಗುರದ್ದೋ? ತುದಿಯಲ್ಲಿ ತೂತಿರುವುದೋ, ಇಲ್ಲದ್ದೋ? ಬರಿಯ ಸೀಸವೋ, ತಾಮ್ರ ಹೊದಿಸಿದ್ದೋ? ಡಬ್ ಹೇಳುವುದು ಒಂದೇ: "ಎಲ್ಲಕ್ಕಿಂತ ಜೋರಾದ್ದು ತಗೊಳ್ಳಿ."

ಪರೀಕ್ಷೆ ಅಕ್ಟೋಬರ್ ಹದಿನೆಂಟಕ್ಕೆ. ಯಾವುದು ಕೊಳ್ಳಲಿ? ಬೇಗ ಬರೆ.

ನಿನ್ನ ಅಕ್ಕ,
ವೆಲ್ಡಾ


ಮಿಲ್ ಫೋರ್ಕ್, ಆರ್ಕಾನ್ಸಾ
೨೨ ಸೆಪ್ಟೆಂಬರ್

ವೆಲ್ಡಾ,

ಎಲ್ಲಕ್ಕಿಂತ ಮೆತ್ತಗಿರುವುದನ್ನು ತೆಗೆದುಕೋ.

ಕಾರಣ ಹೇಳದಿದ್ದರೆ ನೀನು ಕೇಳುವವಳಲ್ಲ, ಹೇಳುತ್ತೇನೆ. ಗುಂಡು ಮುಂದೆ ಹೋಗುವಷ್ಟೇ ಜೋರಿನಲ್ಲಿ ಬಂದೂಕು ಹಿಂದೆ ಒದೆಯುತ್ತದೆ. ಭಾರದ ಬಂದೂಕಾದರೆ ಆ ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ. ನಿನ್ನದು ಕಾಫಿ ಲೋಟ, ಅದಕ್ಕೆ ನುಂಗಲು ಹೊಟ್ಟೆಯಿಲ್ಲ. ಎಲ್ಲವೂ ನಿನ್ನ ಅಂಗೈಗೆ. ಎರಡು ಈಡು ಹೊಡೆಯುವಷ್ಟರಲ್ಲಿ ಕೈ ಹೆದರಿಕೆ ಕಲಿತುಬಿಡುತ್ತದೆ, ಮೂರನೆಯದಕ್ಕೆ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತದೆ. ಕಣ್ಣು ಮುಚ್ಚಿ ಹೊಡೆದ ಗುಂಡು ಯಾರದ್ದೋ ಗೋಡೆಗೆ.

ತುದಿಯಲ್ಲಿ ತೂತಿರುವ ಗುಂಡು ಒಳಗೆ ಹೋಗಿ ಹೂವಿನ ಹಾಗೆ ಅರಳಬೇಕು, ಅದಕ್ಕೆ ವೇಗ ಬೇಕು. ನಿನ್ನದರ ನಳಿಗೆ ಹೆಬ್ಬೆರಳಿನಷ್ಟುದ್ದ. ಅಷ್ಟು ಗಿಡ್ಡ ನಳಿಗೆಯಲ್ಲಿ ಆ ವೇಗ ಎಷ್ಟೋ ಸಲ ಸಿಗುವುದಿಲ್ಲ. ಆಗ ಹೂವೂ ಇಲ್ಲ, ಕಾಯಿಯೂ ಇಲ್ಲ, ನಿನಗೆ ಉಳಿಯುವುದು ಒದೆತ ಮಾತ್ರ.

ಡಬ್ಬಿಯಂತೆ ಚಪ್ಪಟೆ ತಲೆಯ ಸೀಸದ ಗುಂಡು ಅಂತ ಒಂದಿದೆ. ಗುರಿ ಪಂದ್ಯದವರು ಕಾಗದಕ್ಕೆ ಹೊಡೆಯುವುದು. ನಿಧಾನ, ಒದೆತ ಕಡಿಮೆ, ಹೋದಲ್ಲಿ ನೇರವಾಗಿ, ಬೇಕಾದಷ್ಟು ಆಳಕ್ಕೆ ಹೋಗುತ್ತದೆ. ಕಾರ್ಖಾನೆಯಲ್ಲಿ ತುಂಬಿದ್ದನ್ನೇ ಕೊಳ್ಳು, ಯಾರೋ ಹಿಂದಿನ ಕೋಣೆಯಲ್ಲಿ ತುಂಬಿದ್ದನ್ನಲ್ಲ. ನನ್ನ ಹಿಂದಿನ ಕೋಣೆಯಾದರೂ ಅದೇ ಮಾತು.

ಒಂದು ಕಾಗದದ ಮೇಲೆ ಬಲಗೈ ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಕಳಿಸು. ಹಿಡಿ ಬದಲಾಯಿಸಬೇಕಾಗಬಹುದು.

ಚೀಲ ಕಿತ್ತುಕೊಂಡದ್ದನ್ನು ಬರೆದೆ, ಚೀಲ ಹರಿದದ್ದನ್ನು ಬರೆದೆ. ನೀನು ಬಿದ್ದೆಯೋ ಇಲ್ಲವೋ ಬರೆಯಲಿಲ್ಲ.

ಓರಿನ್


ಹ್ಯಾಸ್ಕೆಟ್
೫ ಅಕ್ಟೋಬರ್

ಓರಿನ್,

ಕೈಯ ಚಿತ್ರ ಇದರ ಜೊತೆಗಿದೆ. ಕಿರುಬೆರಳು ಸೊಟ್ಟಗಿರುವುದು ಪೆನ್ಸಿಲಿನ ತಪ್ಪಲ್ಲ. ನನ್ನ ಹೋಯ್ಟ್ ತೀರಿಕೊಂಡು ನಾನು ವಿಧವೆಯಾದ ವರ್ಷ ಡ್ರೈಯರಿನ ಬಾಗಿಲಿಗೆ ಸಿಕ್ಕಿಕೊಂಡದ್ದು.

ನಿನ್ನ ಕಾಗದ ಹಿಡಿದು ಡಬ್‌ನ ಅಂಗಡಿಗೆ ಹೋದೆ. ಗಿರಾಕಿಗಳು ಇಬ್ಬರು ಮೂವರು ಇದ್ದರು. ಅಂಥ ಹೊತ್ತಿನಲ್ಲಿ ಅವನ ಗಂಟಲು ಒಂದು ಮೆಟ್ಟಿಲು ಮೇಲೇರುತ್ತದೆ.

"ಚಪ್ಪಟೆ ತಲೇದಾ? ಮಿಸ್ ವೆಲ್ಡಾ, ಅದು ಕಾಗದಕ್ಕೆ ತೂತು ಹಾಕೋದು. ನಿಮ್ಮ ಕಳ್ಳ ಕಾಗದದವ್ನಾ?"

"ನನ್ನ ತಮ್ಮ ಹೇಳ್ದ."

"ನಿಮ್ಮ ತಮ್ಮ ಯಾವ ಕಾಲದಲ್ಲಿದ್ದಾರೆ? ತಗೊಳ್ಳಿ, ಇದು ನಾನೇ ತುಂಬಿದ್ದು. ಭಾರದ ಸೀಸ, ಮದ್ದು ಒಂದು ಚಿಟಿಕೆ ಜಾಸ್ತಿ. ಕಾಡು ಹಂದೀನೂ ಕೂತ್ಕೊಂಡು ಯೋಚನೆ ಮಾಡತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕವಳು ಕೊಳ್ಳದೆ ಬರಲಾದೀತೆ? ನಲವತ್ತು ವರ್ಷ ಇದೇ ಉಪಾಯದಲ್ಲಿ ನಾನು ಗಿರಾಕಿಗಳಿಗೆ ದುಬಾರಿ ಸೋಪು ಮಾರಿದ್ದೇನೆ: ಮೊದಲು ನಗಿಸು, ಆಮೇಲೆ ಪೊಟ್ಟಣ ಕೈಗಿಡು. ನನ್ನ ಔಷಧ ನನಗೇ ಕುಡಿಸಿದ.

ಅಲ್ಲೇ ಹಿಂದಿನ ಗುರಿಮನೆಯಲ್ಲಿ ಒಂದಷ್ಟು ಹೊಡೆದೆ. ಮೊದಲನೆಯ ಈಡಿಗೇ ಯಾರೋ ಅಂಗೈಗೆ ಲಟ್ಟಣಿಗೆಯಲ್ಲಿ ಬಾರಿಸಿದಂತಾಯಿತು. ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ಬದನೆಕಾಯಿ ಬಣ್ಣ. ಟ್ವಾಯ್ಲಾ ನೋಡಬಾರದೆಂದು ಊಟದ ಮೇಜಿನಲ್ಲಿ ಎಡಗೈಯಲ್ಲಿ ಚಮಚ ಹಿಡಿದೆ. "ಇದೇನಮ್ಮ ಹೊಸ ಶೈಲಿ?" ಅಂದಳು. "ಮೆದುಳಿಗೆ ಒಳ್ಳೇದಂತೆ," ಅಂದೆ.

ಆದರೂ ಇದನ್ನೇ ಅಭ್ಯಾಸ ಮಾಡುತ್ತೇನೆ. ನೋವು ಕೊಡುವುದು ಗಟ್ಟಿಯಾಗಿರಲೇಬೇಕಲ್ಲ.

ಇಲ್ಲಿ ಬಿಸಿಲಿನ್ನೂ ಇಳಿದಿಲ್ಲ. ನಿನ್ನ ಸೇಬಿನ ಗಿಡ ಈ ವರ್ಷ ಹೇಗಿದೆ?

ವೆಲ್ಡಾ


ಮಿಲ್ ಫೋರ್ಕ್
೧೧ ಅಕ್ಟೋಬರ್

ವೆಲ್ಡಾ,

ಪೊಟ್ಟಣದಲ್ಲಿ ಹೊಸ ಹಿಡಿ ಇದೆ, ರಬ್ಬರಿನದು. ನಿನ್ನ ಅಂಗೈ ಅಗಲ, ಬೆರಳು ಗಿಡ್ಡ, ಅದಕ್ಕೆ ತಕ್ಕಂತೆ ಕೆತ್ತಿದ್ದೇನೆ. ಒಂದೇ ಸ್ಕ್ರೂ, ನೀನೇ ಹಾಕಿಕೊಳ್ಳಬಹುದು. ಕಿವಿಗೆ ಮುಚ್ಚಿಕೊಳ್ಳಲು ಎರಡು ಥರದ್ದು ಕಳಿಸಿದ್ದೇನೆ. ಎರಡನ್ನೂ ಒಟ್ಟಿಗೇ ಹಾಕಿಕೋ. ಈ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಕೊಡು.

ನೋವು ಕೊಡುವುದೆಲ್ಲ ಗಟ್ಟಿಯಾದರೆ ಹಲ್ಲುನೋವಿನಷ್ಟು ಗಟ್ಟಿ ಯಾವುದೂ ಇಲ್ಲ.

ಸೇಬು ಪರವಾಗಿಲ್ಲ. ಕೊಯ್ದು ಇಡುತ್ತೇನೆ, ತಿನ್ನುವವರಿಲ್ಲ.

ಓರಿನ್


ಹ್ಯಾಸ್ಕೆಟ್
೧೯ ಅಕ್ಟೋಬರ್, ಭಾನುವಾರ

ಓರಿನ್,

ನಿನ್ನೆ ಪರೀಕ್ಷೆ ಆಯಿತು. ಫೇಲು.

ನಿನ್ನ ಪೊಟ್ಟಣ ಪರೀಕ್ಷೆಯ ಬೆಳಿಗ್ಗೆ ಬಂತು, ಹಿಡಿ ಬದಲಾಯಿಸಲು ಹೊತ್ತಿರಲಿಲ್ಲ. ಸಾಲಿನಲ್ಲಿ ನಾವು ಆರು ಜನ. ದನದ ಕೆಲಸದವರು ನಾಲ್ವರು, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಒಬ್ಬಳು, ಕೊನೆಗೆ ನಾನು. ಹೊಡೆಯಬೇಕಾದದ್ದು ಐವತ್ತು. "ಮಿಸ್ ವೆಲ್ಡಾ, ಪರೀಕ್ಷೆಗೆ ಮಾತ್ರ ನನ್ನ ದೊಡ್ಡ ಬಂದೂಕು ತಗೊಳ್ಳಿ, ಎಲ್ಲಾರೂ ಹಂಗೇ ಮಾಡೋದು," ಎಂದು ಡಬ್ ಪಿಸುಗುಟ್ಟಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಪರ್ಸಿನಲ್ಲಿ ಹೊರುವುದು ಒಂದು, ಪರೀಕ್ಷೆ ಕೊಡುವುದು ಇನ್ನೊಂದು ಆದರೆ ಮೋಸಹೋಗುವವಳು ನಾನೇ ತಾನೆ? ಬೇಡವೆಂದೆ.

ಮೊದಲನೆಯ ಈಡು, ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಟ್ರಿಗರ್ ಅಲ್ಲಾಡಲಿಲ್ಲ. ಎಳೆದೆ. ಎರಡು ಬೆರಳು ಸೇರಿಸಿ ಎಳೆದೆ. ಗೋಡೆಗೆ ಹೊಡೆದ ಮೊಳೆ ಎಳೆದಂತಿತ್ತು. ಆಚೀಚೆ ಎಲ್ಲರೂ ಮುಗಿಸಿ ನನ್ನನ್ನೇ ನೋಡುತ್ತಿದ್ದರು. ಡಬ್ ಬಂದು ಬಂದೂಕು ತೆಗೆದುಕೊಂಡ. ಗುಂಡು ತುಂಬುವ ಉರುಳೆ ಅವನ ಕೈಗೂ ತಿರುಗಲಿಲ್ಲ, ತೆರೆಯಲೂ ಇಲ್ಲ. ಹಿಂದಿನ ಕೋಣೆಗೆ ಒಯ್ದು, ಏನೋ ತಟ್ಟಿ ಕುಟ್ಟಿ ತೆರೆದು ತಂದು ಕೈಗಿಟ್ಟ.

"ಬಂದೂಕು ಸರಿಯಾಗೇ ಇದೆ ಮಿಸ್ ವೆಲ್ಡಾ. ಬೆರಳಲ್ಲಿ ಕಸುವು ಬೇಕು. ವಯಸ್ಸು ನೋಡಿ."

ಹೋಗಲಿ ಬಿಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತು ನನ್ನ ಬಾಯಲ್ಲಿ ಬರುವುದು ಬೇಡ. ಥ್ಯಾಂಕ್ಸ್‌ಗಿವಿಂಗ್ ಒಳಗೆ ಇನ್ನೊಂದು ಪರೀಕ್ಷೆ ಇದೆ, ಆದರೆ ಬೆರಳು ಇದೇ ಬೆರಳು. ಮಾತು ಕೊಟ್ಟಿದ್ದೇನೆ. ಕಂಪನಿಯವರಿಗೆ ಹೇಳಿ ಕಳಿಸಿದೆ, ಮೂವತ್ತೊಂದನೆಯ ತಾರೀಖು ಶುಕ್ರವಾರ ಕಾಗದಪತ್ರ ತರುತ್ತಾರೆ.

ನೀನು ಕೇಳಿದ್ದಕ್ಕೆ ಈಗ ಹೇಳುತ್ತೇನೆ. ಬಿದ್ದೆ. ಮುಖ ಅಡಿಯಾಗಿ ಬಿದ್ದೆ. ಅವನು ತಿರುಗಿ ಸಹ ನೋಡಲಿಲ್ಲ. ಟೈರ್ ಅಂಗಡಿಯ ದೀಪ, ಉರುಳುವ ನಾಣ್ಯದ ಸದ್ದು, ನನ್ನ ಕನ್ನಡಕ ಎಲ್ಲಿ ಅಂತ ತಡಕುತ್ತಿದ್ದ ನನ್ನದೇ ಕೈ. ಅಂದಿನಿಂದ ಹೊತ್ತು ಮುಳುಗಿದ ಮೇಲೆ ಕಾರಿನ ತನಕ ನಡೆಯುವಾಗ ಹಿಂದೆ ಯಾರೋ ಇದ್ದಾರೆ. ತಿರುಗಿದರೆ ಇಲ್ಲ. ನಡೆದರೆ ಇದ್ದಾರೆ. ಬೀಗದ ತೂತಿಗೆ ಕೀ ಹೋಗುವುದಿಲ್ಲ. ಟ್ವಾಯ್ಲಾಗೆ ಹೇಳಿಲ್ಲ. ನಿನಗೂ ಹೇಳುತ್ತಿರಲಿಲ್ಲ, ನೀನು ಕೇಳಬಾರದಿತ್ತು.

ಹಿಡಿಗೆ ಥ್ಯಾಂಕ್ಸ್. ಚೆನ್ನಾಗಿ ಕೆತ್ತಿದ್ದೀಯ.

ವೆಲ್ಡಾ


ಮಿಲ್ ಫೋರ್ಕ್
೨೩ ಅಕ್ಟೋಬರ್. ತುರ್ತು ಅಂಚೆ

ವೆಲ್ಡಾ,

ಸಹಿ ಹಾಕಬೇಡ. ಈ ಸಲ ನೆಲವೇ ಡೊಂಕು.

ನಿನ್ನ ಕಾಗದವನ್ನು ನೀನೇ ಇನ್ನೊಮ್ಮೆ ಓದು. ಉರುಳೆ ಡಬ್‌ನ ಕೈಗೂ ತಿರುಗಲಿಲ್ಲ ಅಂತ ಬರೆದಿದ್ದೀಯ. ಹಾಗಾದರೆ ಅವನ ಬೆರಳಿನ ಕಸುವೂ ಹೋಗಿದೆಯೇ?

ಆಗಿರುವುದು ಇದು. ಹಿತ್ತಾಳೆ ತೋಟಾದ ಬಾಯನ್ನು ಬಿಗಿದು ಗುಂಡನ್ನು ಹಿಡಿದಿಡುತ್ತಾರೆ. ಈಡಾದಾಗ ಬಂದೂಕು ಹಿಂದಕ್ಕೆ ಜಿಗಿಯುತ್ತದೆ. ಒಳಗೆ ಸರದಿ ಕಾಯುತ್ತಿರುವ ತೋಟಾಗಳೂ ಅದರ ಜೊತೆ ಹಿಂದಕ್ಕೆ ಹೋಗುತ್ತವೆ. ಆದರೆ ಭಾರದ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಬಾಯಿಯ ಬಿಗಿ ಸಾಲದಿದ್ದರೆ, ಕೆಸರಿನಲ್ಲಿ ಬೂಟು ಉಳಿದು ಕಾಲು ಮಾತ್ರ ಬಂದಂತೆ, ಗುಂಡು ತೋಟಾದಿಂದ ಚೂರುಚೂರೇ ಹೊರಗೆ ಬರುತ್ತದೆ. ಮೂರು ಈಡಾಗುವಷ್ಟರಲ್ಲಿ ಅದರ ಮೂಗು ಉರುಳೆಯಿಂದಾಚೆ ಚಾಚಿ ಬಂದೂಕಿನ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಆಮೇಲೆ ಉರುಳೆ ತಿರುಗದು, ಟ್ರಿಗರ್ ಬಾರದು. ಕುದುರೆಗೆ ಲಾಳ ಹೊಡೆಯುವವನು ಎಳೆದರೂ ಬಾರದು. ಬಂದೂಕು ಹಗುರವಾದಷ್ಟೂ, ಗುಂಡು ಭಾರವಾದಷ್ಟೂ ಇದು ಹೆಚ್ಚು. ಅತಿ ಹಗುರದ ಬಂದೂಕಿಗೆ ಅತಿ ಜೋರಿನ ಗುಂಡು ಹಾಕುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕಲಿಯುತ್ತಾರೆ. ನೀನು ಪರೀಕ್ಷೆಯ ಅಂಗಳದಲ್ಲಿ ಕಲಿತದ್ದು ಪುಣ್ಯ.

ನನ್ನ ಮಾತು ನಂಬಬೇಡ, ಪರೀಕ್ಷಿಸಿ ನೋಡು. ಡಬ್ ತುಂಬಿದ ಐದನ್ನು ಹಾಕು. ಒಂದಕ್ಕೆ ಮಸಿಯಿಂದ ಗುರುತು ಮಾಡಿ ಅದು ಕೊನೆಗೆ ಬರುವಂತೆ ಇಡು. ನಾಲ್ಕು ಹೊಡೆ. ಐದನೆಯದನ್ನು ಹೊಡೆಯದೆ ಹೊರಗೆ ತೆಗೆ. ಅದೇ ಪೆಟ್ಟಿಗೆಯಿಂದ ಒಂದು ಹೊಸದನ್ನು ತೆಗೆದು ಪಕ್ಕದಲ್ಲಿ ನಿಲ್ಲಿಸು. ಎತ್ತರ ನೋಡು. ನಡುವೆ ಸಿಕ್ಕಿಕೊಂಡರೆ ಒತ್ತಾಯ ಮಾಡಬೇಡ, ನಳಿಗೆ ಗುರಿಯ ಕಡೆಗೇ ಇರಲಿ, ಡಬ್ ತೆರೆಯಲಿ. ಆಮೇಲೆ ಚಪ್ಪಟೆ ತಲೆಯದರಲ್ಲೂ ಹೀಗೇ ಮಾಡು. ಹೊಸ ಗುಂಡು ಕೊಂಡಾಗಲೆಲ್ಲ ನಾವು ಜೈಲಿನಲ್ಲಿ ಮಾಡುತ್ತಿದ್ದದ್ದು ಇದನ್ನೇ. ಹೊಡೆದ ನಾಲ್ಕು ಏನನ್ನೂ ಹೇಳುವುದಿಲ್ಲ, ಉಳಿದದ್ದು ಹೇಳುತ್ತದೆ.

ಹಿಂದೆ ಯಾರೋ ಇದ್ದಾರೆ ಅನ್ನಿಸುವುದಕ್ಕೆ ನನ್ನ ಬಳಿ ಗುಂಡಿಲ್ಲ. ನನಗೂ ಅನ್ನಿಸುತ್ತದೆ. ನನಗೆ ಹೆಜ್ಜೆ ಸದ್ದೂ ಕೇಳದು ನೋಡು, ಹಾಗಾಗಿ ದಿನವೆಲ್ಲ ಅನ್ನಿಸುತ್ತದೆ. ಸಾಯುವುದಿಲ್ಲ ಅದರಿಂದ.

ಶುಕ್ರವಾರಕ್ಕೆ ಮುಂಚೆ ಮಾಡು.

ಓರಿನ್


ಹ್ಯಾಸ್ಕೆಟ್
೩೦ ಅಕ್ಟೋಬರ್

ಓರಿನ್,

ಕಂಪನಿಯವರಿಗೆ ನಾಳೆ ಬರಬೇಡಿ ಎಂದು ಫೋನು ಮಾಡಿ, ಆ ಬಿಸಿಯಲ್ಲೇ ಬರೆಯಲು ಕೂತಿದ್ದೇನೆ.

ನಿನ್ನೆ ಮಧ್ಯಾಹ್ನ ಡಬ್‌ನ ಅಂಗಡಿಗೆ ಹೋದೆ. ಟ್ವಾಯ್ಲಾಳನ್ನೂ ಕರೆದುಕೊಂಡು ಹೋದೆ, ಪಾದ್ರಿಗೆ ಬಿಡುವಿರಲಿಲ್ಲ. ನಿನ್ನ ಹಿಡಿ ಹಾಕಿದ್ದೆ. ನನ್ನ ಕೈಗೆ ಅದು ಹಳೆಯ ಇಸ್ತ್ರಿಪೆಟ್ಟಿಗೆಯ ಹಿಡಿಯಷ್ಟು ಸಲೀಸಾಗಿ ಕೂತಿತು. ಡಬ್‌ಗೆ ವಿಷಯ ಹೇಳಿದೆ. ಸಿಟ್ಟಾಗಲಿಲ್ಲ, ನಕ್ಕ.

"ನಾನು ತುಂಬಿದ್ದು ಹೊರಗೆ ಬರತ್ತಾ? ಇಪ್ಪತ್ತು ವರ್ಷದಿಂದ ತುಂಬ್ತಿದೀನಿ ಮಿಸ್ ವೆಲ್ಡಾ."

"ನಾನು ನಲವತ್ತು ವರ್ಷದಿಂದ ಬಟ್ಟೆ ಒಗೆಸ್ತಿದೀನಿ ಡಬ್. ಈಗ್ಲೂ ಒಂದೊಂದ್ಸಲ ಕೆಂಪು ಕಾಲುಚೀಲ ಬಿಳಿ ಬಟ್ಟೆ ಜೊತೆ ಹೋಗತ್ತೆ."

ನಾಲ್ಕು ಹೊಡೆದೆ. ಈ ಸಲ ಸಿಕ್ಕಿಕೊಳ್ಳಲಿಲ್ಲ. ಡಬ್ ಕೈಕಟ್ಟಿ ನಿಂತು "ನೋಡಿದ್ರಾ?" ಅಂದ. ಮಸಿ ಗುರುತಿನ ಐದನೆಯದನ್ನು ತೆಗೆದು, ಒಂದು ಹೊಸದರ ಪಕ್ಕ ಗಾಜಿನ ಮೇಜಿನ ಮೇಲೆ ನಿಲ್ಲಿಸಿದೆ. ನನ್ನ ಕಣ್ಣಿಗೆ ಎರಡೂ ಒಂದೇ. ಟ್ವಾಯ್ಲಾ ಮಂಡಿಯೂರಿ, ಗಲ್ಲ ಮೇಜಿಗೆ ತಾಗಿಸಿ ನೋಡಿದಳು.

"ಅಮ್ಮಾ, ಇದು ಎತ್ತರ ಇದೆ."

"ಮೇಜು ವಾಲಿದೆ," ಅಂದ ಡಬ್. "ಆ ಮೂಲೆ ಮುಂಚಿಂದ ವಾಲಿದೆ."

ಟ್ವಾಯ್ಲಾ ಎರಡನ್ನೂ ಅದಲುಬದಲು ಮಾಡಿ ಇಟ್ಟಳು. ಮಸಿ ಗುರುತಿನದೇ ಎತ್ತರ. ಹಾಳೆಯೊಂದನ್ನು ಹೊಸದರ ತಲೆಯ ಮೇಲಿಟ್ಟು ಪಕ್ಕಕ್ಕೆ ಸರಿಸಿದಳು, ಅದು ಹೋಗಿ ಗುರುತಿನ ಗುಂಡಿನ ಮೂಗಿಗೆ ತಾಗಿ ನಿಂತಿತು. ಡಬ್ ಹಿಂದಿನ ಕೋಣೆಯಿಂದ ಅಳತೆಯ ಚಿಮಟ ತಂದ. ಒಂದನ್ನು ಅಳೆದ, ಇನ್ನೊಂದನ್ನು ಅಳೆದ, ಮತ್ತೆ ಮೊದಲಿನದನ್ನು ಅಳೆದ. ಅವನ ಮುಖ ಗಂಜಿ ಹಾಕಿ ಒಣಗಿಸಿದ ಬಟ್ಟೆಯಾಯಿತು.

ನಾನು ಬಾಯಿ ಬಿಡಲಿಲ್ಲ, ಓರಿನ್. ಇದನ್ನು ನೀನು ನಂಬುವುದಿಲ್ಲ, ಗೊತ್ತು. ನಾಲಗೆಯ ತುದಿಯಲ್ಲಿ ಒಂದು ಗಾಡಿ ಮಾತಿತ್ತು. ಆದರೆ ಅವನು ಕಪಾಟಿಗೆ ಹೋಗಿ, ತಾನು ತುಂಬಿದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಇಳಿಸಿ ಒಳಗೆ ಇಡತೊಡಗಿದ. ಅಷ್ಟನ್ನು ಮಾಡುವವನಿಗೆ ಮಾತು ಬೇಕಿಲ್ಲ. ಆಮೇಲೆ ಕೆಳಗಿನ ಹಲಗೆಯ ಮೂಲೆಯಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ತೆಗೆದು, ಅಂಗಿಯ ತೋಳಿನಿಂದ ಒರೆಸಿ ತಂದ. ಅದರ ಮೇಲೆ ಸಿಡಿಲಿಲ್ಲ, ತೋಳವಿಲ್ಲ. ಕಾರ್ಖಾನೆಯ ಹೆಸರು, ಅಷ್ಟೆ.

ಚಪ್ಪಟೆ ತಲೆಯವನ್ನು ಹಾಕಿದೆ. ಮೊದಲನೆಯ ಈಡಿಗೆ, ಯಾರೋ ಪರಿಚಯದವರು ಕೈಕುಲುಕಿದರು ಅನ್ನಿಸಿತು. ಕಣ್ಣು ಮುಚ್ಚಲಿಲ್ಲ. ನಾಲ್ಕು ಹೊಡೆದು ಐದನೆಯದನ್ನು ತೆಗೆದು ನೋಡಿದೆವು. ಕದಲಿಲ್ಲ. ಕಾಗದದಲ್ಲಿ ನಾಲ್ಕು ತೂತು, ದುಂಡಗೆ, ಅಂಚು ಹರಿಯದೆ.

"ಆಫೀಸಲ್ಲಿ ಫೈಲಿಗೆ ತೂತು ಹಾಕ್ತಾರಲ್ಲ, ಹಂಗಿದೆ," ಅಂದಳು ಟ್ವಾಯ್ಲಾ. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಹಳೆಯ ಬದನೆಕಾಯಿ ಬಣ್ಣ ಈಗ ಹಳದಿಯಾಗಿದೆ. "ಎಡಗೈ ಊಟ ಇದಕ್ಕಾ?" ಅಂದಳು. ದಾರಿಯಲ್ಲಿ ಎಲ್ಲ ಹೇಳಿದೆ. ಬಿದ್ದದ್ದು, ಕೀ, ಎಲ್ಲ. ಕಾರನ್ನು ರಸ್ತೆಬದಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮಾರು ಅಂತ ನಾನು ಹೇಳಿದ್ದು ನಿಜ. ಆದ್ರೆ ಬೆರಳಿಗೆ ಕಸುವಿಲ್ಲ ಅಂತ ಮಾರೋದು ಬೇಡ, ಅದು ಸುಳ್ಳು," ಅಂದಳು.

ಮುಂದಿನ ಪರೀಕ್ಷೆ ನವೆಂಬರ್ ಹದಿನೈದಕ್ಕೆ.

ವೆಲ್ಡಾ


ಮಿಲ್ ಫೋರ್ಕ್
೬ ನವೆಂಬರ್

ವೆಲ್ಡಾ,

ಡಬ್ ಒಳ್ಳೆಯವನು. ಅಳೆದು ನೋಡಿ ಒಪ್ಪಿದವನ ಹತ್ತಿರ ಧೈರ್ಯವಾಗಿ ಗುಂಡು ಕೊಳ್ಳಬಹುದು.

ವಾರಕ್ಕೆರಡು ಸಲ ಅಭ್ಯಾಸ ಮಾಡು, ಸ್ವಲ್ಪಸ್ವಲ್ಪ. ಕೈ ಸೋತ ಮೇಲೆ ಹೊಡೆದದ್ದು ಅಭ್ಯಾಸವಲ್ಲ, ಕೆಟ್ಟ ಚಾಳಿ. ಚಪ್ಪಟೆ ತಲೆಯದನ್ನು ಅವಸರದಲ್ಲಿ ಮತ್ತೆ ತುಂಬುವುದು ಕಷ್ಟ, ತೂತಿನ ಬಾಯಿಗೆ ಬೇಗ ಹೊಂದದು. ಮೀಸಲಿಗೆ ಮೂ​ಗು ದುಂಡಗಿರುವ ಮೆತ್ತನೆಯ ಗುಂಡು ಇಟ್ಟುಕೋ. ಅವನ್ನೂ ಮೊದಲು ಅಳೆದು ನೋಡು. ಐದು ಮುಗಿದ ಮೇಲೂ ನೀನು ಅಲ್ಲೇ ನಿಂತಿದ್ದರೆ, ಮೊದಲೇ ಓಡಬೇಕಿತ್ತು ಅಂತ ಅರ್ಥ.

ಈಗ ಮುಖ್ಯವಾದದ್ದು. ಯಾರಾದರೂ ಚೀಲ ಕೇಳಿದರೆ ಚೀಲ ಕೊಟ್ಟುಬಿಡು. ಕೊಡಲಾರೆ ಅನ್ನುವ ನಿನ್ನ ಮುಖ ಇಲ್ಲಿಂದಲೇ ಕಾಣುತ್ತಿದೆ. ಕೊಡು. ಆ ಐದು ಗುಂಡು ನಾಣ್ಯಕ್ಕಲ್ಲ, ನಿನಗೆ. ಚೀಲ ಸಿಕ್ಕ ಮೇಲೂ ನಿನ್ನ ಮೇಲೆ ಬರುವವನಿಗೆ. ಆ ಲೆಕ್ಕ ನಿನಗೆ ಸ್ಪಷ್ಟವಿಲ್ಲದಿದ್ದರೆ ಬಂದೂಕು ಮನೆಯಲ್ಲೇ ಇರಲಿ.

ನಿನ್ನ ಕೈಯ ಚಿತ್ರ ಬಿಸಾಡಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಸೊಟ್ಟ ಕಿರುಬೆರಳೊಂದನ್ನು ಬಿಟ್ಟರೆ ಅಮ್ಮನ ಕೈಯೇ. ನನ್ನ ಹೆಂಡತಿ ನಡೀನ್ ಬದುಕಿದ್ದಿದ್ದರೆ ಅಕ್ಕನ ಮನೆಗೆ ಯಾವಾಗ ಹೋಗುವುದು ಎಂದು ಕೇಳುತ್ತಿದ್ದಳು.

ಓರಿನ್


ಹ್ಯಾಸ್ಕೆಟ್
೨೧ ನವೆಂಬರ್

ಓರಿನ್,

ಪಾಸು. ಐವತ್ತಕ್ಕೆ ಐವತ್ತೂ ಸಿಡಿಯಿತು, ಒಂದೂ ಸಿಕ್ಕಿಕೊಳ್ಳಲಿಲ್ಲ. ದೂರದ ಗುರಿಗೆ ಒಂದೆರಡು ಹಾದಿ ತಪ್ಪಿದವು, ಅವು ನನ್ನವೇ, ಗುಂಡಿನವಲ್ಲ. ಡಬ್ ಎಲ್ಲರೆದುರು ನನ್ನ ಗುರಿಯ ಕಾಗದ ಎತ್ತಿಹಿಡಿದು, "ಹಗುರದ ಬಂದೂಕಿಗೆ ಏನು ಹಾಕ್ಬೇಕು ಅಂತ ಇನ್ಮೇಲೆ ಮಿಸ್ ವೆಲ್ಡಾನ ಕೇಳಿ," ಅಂದ. ಪಾಠಕ್ಕೆ ಎಷ್ಟು ಕೊಡುತ್ತೀಯ ಅಂತ ಕೇಳಿದೆ. ಕೇಳಿಸದವನಂತೆ ನಿಂತ. ನಿನ್ನ ಹತ್ತಿರವೇ ಕಲಿತನೋ ಏನೋ.

ಈಗ ಕೇಳು. ನಿನ್ನೆ ಡಲ್ಲಾಸಿನವನನ್ನು ನಾನೇ ಕರೆಸಿದೆ. ಹೆಸರು ಪ್ರೆಸ್ಕಾಟ್, ಬೂಟಿಗೆ ಹಾಕಿದ ಪಾಲಿಷಿನಲ್ಲಿ ಮುಖ ನೋಡಿಕೊಳ್ಳಬಹುದು. ಅಡುಗೆಮನೆಯಲ್ಲಿ ಕೂರಿಸಿ, ಪೀಕನ್ ಬೀಜದ ಕಡುಬಿನ ಒಂದು ಹೋಳು ಕೊಟ್ಟು ಹೇಳಿದೆ: "ಮೂರೂ ಇಲ್ಲ. ಒಂದು ಕೊಡ್ತೀನಿ."

ಟ್ವಾಯ್ಲಾ ಪಕ್ಕದಲ್ಲೇ ಇದ್ದಳು. "ಹೆದ್ದಾರೀದು ತಾನೆ ಅಮ್ಮಾ?" ಅಂದಳು.

"ಅಲ್ಲ. ಹೊಲದ ಕಡೇದು."

"ಅಮ್ಮಾ! ನೀನು ಬಿದ್ದಿದ್ದು ಹೆದ್ದಾರೀದ್ರಲ್ಲಿ!"

"ಬಿದ್ದಿದ್ದು ಅಲ್ಲಿ, ದುಡಿಯೋದೂ ಅದೇ. ಹೊಲದ ಕಡೇದ್ರಲ್ಲಿ ನೀರು ಗಡಸು, ವರ್ಷಕ್ಕೊಂದು ಯಂತ್ರ ತಿನ್ನತ್ತೆ."

ಪ್ರೆಸ್ಕಾಟ್ ಚಮಚ ಕೆಳಗಿಟ್ಟ. "ಹೋದ ತಿಂಗಳು ಮೂರನ್ನೂ ಕೊಡೋಕೆ ಒಪ್ಪಿದ್ರಿ. ಈಗ ಏನಾಯ್ತು ಮೇಡಂ?"

"ಹೋದ ತಿಂಗಳು ನಾನು ಮಾರ್ತಿದ್ದಿದ್ದು ನನ್ನ ಹೆದರಿಕೇನ. ಅದಕ್ಕೆ ಸಿಕ್ಕಿದ್ದೇ ಬೆಲೆ. ಇವತ್ತು ಲಾಂಡ್ರಿ ಮಾರ್ತಿದೀನಿ, ಬೆಲೆ ಬೇರೆ."

ಗಡಸು ನೀರಿನ ಸಂಗತಿಯನ್ನು ಅವನ ಕಿವಿಗೆ ಬೀಳುವಂತೆಯೇ ಹೇಳಿದ್ದೆನಲ್ಲ, ಹಾಗಾಗಿ ಮೋಸವೂ ಅಲ್ಲ. ಗೊಣಗಿದ, ಎರಡನೆಯ ಹೋಳು ತಿಂದ, ಸಹಿ ಹಾಕಿದ. ಬಾಗಿಲು ಮುಚ್ಚಿದ ಮೇಲೆ ಟ್ವಾಯ್ಲಾ ನಕ್ಕಳು, ಎಷ್ಟು ನಕ್ಕಳೆಂದರೆ ಕುರ್ಚಿ ಹಿಡಿದುಕೊಳ್ಳಬೇಕಾಯಿತು. ಯೋಚಿಸಿ ನೋಡು ಓರಿನ್, ಭಯದಲ್ಲಿ ಮಾರಿದ್ದರೆ ಚಿನ್ನದಂಥದ್ದನ್ನು ಮೊದಲು ಕೊಟ್ಟು ಕಳೆದುಕೊಳ್ಳುತ್ತಿದ್ದೆ. ಹೆದರಿಕೆಗೆ ಲೆಕ್ಕ ಬರುವುದಿಲ್ಲ.

ಒಂದು ಲಾಂಡ್ರಿ ಕಡಿಮೆಯಾದದ್ದರಿಂದ ವಾರದಲ್ಲಿ ಎರಡು ದಿನ ಬಿಡುವು. ಇಪ್ಪತ್ತೇಳಕ್ಕೆ ಥ್ಯಾಂಕ್ಸ್‌ಗಿವಿಂಗ್, ಟರ್ಕಿ ಕೋಳಿ ಹುರಿಯುತ್ತೇವೆ. ಬಸ್ಸಿನಲ್ಲಿ ಬಾ, ಸೇಬು ತಾ, ಟ್ವಾಯ್ಲಾ ನಿಲ್ದಾಣಕ್ಕೆ ಬರುತ್ತಾಳೆ. ಬರುವುದಿಲ್ಲ ಅನ್ನುವ ಕಾಗದ ಬರೆದರೆ ಅದು ತಲುಪಲೇ ಇಲ್ಲ ಎಂದುಕೊಳ್ಳುತ್ತೇನೆ.

ನಿನ್ನೆ ಸಂಜೆಯದು ಒಂದನ್ನು ಹೇಳಿ ಮುಗಿಸುತ್ತೇನೆ. ಹೆದ್ದಾರಿ ಪಕ್ಕದ ಲಾಂಡ್ರಿಯಿಂದ ಚೀಲ ಹೊತ್ತು ಹೊರಬಂದೆ, ದೀಪ ಹತ್ತುವ ಹೊತ್ತು. ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ತಿರುಗಿದೆ. ಈ ಸಲ ನಿಜವಾಗಿ ಇದ್ದ. ಎತ್ತರದ ಆಳು, ಟೋಪಿ ಹಾಕಿದ್ದಾನೆ, ನನ್ನ ಕಡೆಗೇ ಬರುತ್ತಿದ್ದಾನೆ. ಪರ್ಸು ಹೆಗಲಲ್ಲಿತ್ತು. ಕೈ ಅದರತ್ತ ಹೋಗಲಿಲ್ಲ, ಓಡಲೂ ಇಲ್ಲ. ಕಾರಿನ ಆಚೆ ಬದಿಗೆ ಸರಿದು, ನಡುವೆ ಕಾರು ಇರುವಂತೆ ನಿಂತು, "ಅಲ್ಲೇ ನಿಲ್ಲಿ. ಏನ್ ಬೇಕು?" ಅಂದೆ. ನನ್ನ ದನಿ ನನಗೇ ಹಿಡಿಸಿತು. ಅವನು ತಟ್ಟನೆ ನಿಂತ, ಟೋಪಿ ತೆಗೆದ.

"ಕ್ಷಮಿಸಿ ಅಮ್ಮಾ, ಚಿಲ್ಲರೆ ಯಂತ್ರ ಕೆಟ್ಟಿದೆ. ಮಗುವಿನ ಬಟ್ಟೆ ಎಲ್ಲ ಒದ್ದೆ ಕೂತಿದೆ. ಐದು ಡಾಲರಿಗೆ ಚಿಲ್ಲರೆ ಸಿಗತ್ತಾ?"

ಚೀಲವನ್ನು ಕಾರಿನ ಮೇಲಿಟ್ಟು ಬಾಯಿ ಬಿಚ್ಚಿದೆ. ಕಾಲು ಡಾಲರಿನ ಇಪ್ಪತ್ತು ನಾಣ್ಯ, ಒಂದರ ಮೇಲೊಂದು ಪೇರಿಸಿ ಅವನ ಕಡೆಗೆ ತಳ್ಳಿದೆ. ಪೇರಿಸಿದ್ದು ಅಲ್ಲಾಡದೆ ನಿಂತಿತು.

ನಿನ್ನ ಅಕ್ಕ,
ವೆಲ್ಡಾ